ಚಿಗರಿಗಳಿಗೆ ಮೂಲಂಗಿ ಬಡಿಸಿದ್ದು

ಶಿಸ್ತಿನ ಮನುಷ್ಯರನ್ನು ಜನ ಹೊಗಳುತ್ತಾರೆ, ಮನೆಗೆ ಮಾತ್ರ ಕರೆಯುವುದಿಲ್ಲ. ನೌಕರಿಯಲ್ಲಿದ್ದಷ್ಟು ದಿನ ಇದು ನನಗೆ ತಿಳಿದಿರಲಿಲ್ಲ. ಕರೆಯದಿರುವುದಕ್ಕೆ ಎಲ್ಲರಿಗೂ ನನ್ನ ಡ್ಯೂಟಿಯ ನೆಪವಿತ್ತು. ನಿವೃತ್ತಿಯಾದ ಮೇಲೂ ಕರೆ ಬಾರದಿದ್ದಾಗ ಗೊತ್ತಾಯಿತು. ನಾನು ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಸೇರಿ ಮೇಟ್ರನ್ ಆಗಿ ಹೊರಬಂದವಳು. ಹಾಸಿಗೆಯ ಚಾದರದ ಮೂಲೆ ಲಕೋಟೆಯಂತೆ ಮಡಚಿಕೊಂಡಿರದಿದ್ದರೆ ಇವತ್ತಿಗೂ ಆ ಕೋಣೆಯಲ್ಲಿ ನನಗೆ ಕೂರಲಾಗುವುದಿಲ್ಲ. ನಾದಿನಿಯ ಮಗಳ ಮದುವೆಯಲ್ಲಿ, ಕಲ್ಯಾಣ ಮಂಟಪದ ಕೋಣೆಯಲ್ಲಿ ಮಲಗಿದ್ದ ಬೀಗರನ್ನು ಎಬ್ಬಿಸಿ, ಚಾದರ ಸರಿಪಡಿಸಿ, ಮತ್ತೆ ಮಲಗಿಸಿದವಳು ನಾನು. ಬೀಗರು ಒಳ್ಳೆಯವರು, ಏನೂ ಅನ್ನಲಿಲ್ಲ. ಆದರೆ ಮದುವೆ ಮುಗಿಯುವವರೆಗೂ ನಾನು ಆ ಕಡೆ ಹಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ಮನುಷ್ಯರನ್ನು ಶಿಸ್ತಿಗೆ ತಂದರೆ ಆಗುವುದು ಇಷ್ಟೇ, ಅವರು ಮೆಲ್ಲಗೆ ದೂರ ಸರಿಯುತ್ತಾರೆ. ಹೋದ ಚಳಿಗಾಲದಲ್ಲಿ ನಾನು ಕಾಡಿನ ಜಿಂಕೆಗಳನ್ನು ಶಿಸ್ತಿಗೆ ತಂದೆ. ಅವು ದೂರ ಸರಿಯಲಿಲ್ಲ. ತೊಂದರೆ ಶುರುವಾದದ್ದು ಅಲ್ಲಿಂದ.

ನಾವಿರುವುದು ಸನತ್‌ನಗರದಲ್ಲಿ. ಅಲ್ಲಿನ ಧೂಳು, ಹೊಗೆ ಎರಡೂ ನಮ್ಮ ಯಜಮಾನರ ಎದೆಯಲ್ಲಿ ಮನೆ ಮಾಡಿಕೊಂಡು, ಚಳಿ ಬಂತೆಂದರೆ ಕೆಮ್ಮು ನಿಲ್ಲುತ್ತಿರಲಿಲ್ಲ. ಒಂದು ಚಳಿಗಾಲವನ್ನಾದರೂ ಊರ ಹೊರಗೆ ಕಳೆಯಿರಿ ಎಂದರು ಡಾಕ್ಟರು. ಶಂಕರಪಲ್ಲಿ ದಾಟಿ, ಕಾಡಿನ ಅಂಚಿಗೆ ನಮ್ಮದೊಂದು ತುಂಡು ಜಮೀನಿದೆ. ಗೊತ್ತಿದ್ದವರೆಲ್ಲ ಜಮೀನು ಕೊಳ್ಳುವ ಹುಚ್ಚಿನಲ್ಲಿದ್ದಾಗ ನಾವೂ ಕೊಂಡದ್ದು. ಅಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬೋರ್‌ವೆಲ್, ಒಂದು ಬೇವಿನ ಮರ. ಮರದಾಚೆ ಕಾಡು. ಕಾಡೆಂದರೆ ಆಕಾಶ ಮುಟ್ಟುವ ಮರಗಳಲ್ಲ. ಕುರುಚಲು ಗಿಡ, ಬಂಡೆ, ಅವುಗಳ ನಡುವೆ ಏನಿದೆಯೆಂದು ಎಷ್ಟು ದಿಟ್ಟಿಸಿದರೂ ಕಾಣದ ಒಂದು ಬೂದು ಬಣ್ಣ. ದಸರೆ ಮುಗಿಸಿಕೊಂಡು ಅಲ್ಲಿಗೆ ಹೋದೆವು. ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು, ಕಟ್ಟೆಯ ಮೇಲೆ ಪೇಪರ್ ಹಿಡಿದು ಕುಳಿತರೆ ಲೋಕ ಮುಳುಗಿದರೂ ಮುಂದಿನ ಪುಟ ತಿರುವುವವರು. ಅವರಿಗೆ ಜಾಗ ತಕ್ಷಣ ಒಗ್ಗಿತು. ನನಗೆ ಒಗ್ಗಲಿಲ್ಲ. ಅಲ್ಲಿ ಸದ್ದೇ ಇರಲಿಲ್ಲ. ವಾರ್ಡಿನಲ್ಲಿ ಸದ್ದು ನಿಂತಿತೆಂದರೆ ಯಾವುದೋ ಒಂದು ಮಂಚ ಖಾಲಿಯಾಯಿತೆಂದೇ ಅರ್ಥ. ಹೀಗಾಗಿ ಬೆಳಗಿನ ನಿಶ್ಶಬ್ದದಲ್ಲಿ ಎಚ್ಚರವಾದಾಗಲೆಲ್ಲ ನಾನು ಮೊದಲು ಮಾಡುತ್ತಿದ್ದ ಕೆಲಸ ಯಜಮಾನರ ನಾಡಿ ನೋಡುವುದು. ಅವರು ಕಣ್ಣು ತೆರೆಯದೆಯೇ, ಅದೀನಿ, ಹೋಗು ಅನ್ನುತ್ತಿದ್ದರು.

ಆ ನಿಶ್ಶಬ್ದದೊಳಕ್ಕೆ ಒಂದು ಭಾನುವಾರ ಕಾರಿಳಿದು ಬಂದವನು ನನ್ನ ತಮ್ಮ ವಸಂತ. ನಾಚಾರಂನಲ್ಲಿ ಅವನದೊಂದು ಸಣ್ಣ ವರ್ಕ್‌ಶಾಪ್ ಇದೆ. ಲೇಥ್ ಮುಂದೆ ನಿಲ್ಲಿಸಿದರೆ ಕಬ್ಬಿಣದಲ್ಲಿ ಅವನು ಮಾಡದ ವಸ್ತುವಿಲ್ಲ, ಮಾಡಿದ ಮೇಲೆ ಅದು ಯಾತಕ್ಕೆಂದು ಅವನಿಗೂ ತಿಳಿಯುವುದಿಲ್ಲ. ನಮ್ಮ ಮೂಲ ವಿಜಯಪುರ ಜಿಲ್ಲೆ. ನಮ್ಮಜ್ಜ ಅಲ್ಲಿ ಊರ ದೇಸಾಯರ ಜೊತೆ ಬೇಟೆಗೆ ಹೋಗುತ್ತಿದ್ದನಂತೆ. ಅಜ್ಜ ಹೊಡೆದದ್ದು ಒಂದು ಮೊಲ, ಅದೂ ಕುಂಟ ಮೊಲ ಎಂದು ಅಜ್ಜಿ ಹೇಳುತ್ತಿದ್ದಳು. ವಸಂತನ ಬಾಯಲ್ಲಿ ಅದು ಬೆಳೆಯುತ್ತಾ ಬೆಳೆಯುತ್ತಾ, ಅವನಿಗೆ ಐವತ್ತಾಗುವ ಹೊತ್ತಿಗೆ ಹುಲಿಯ ಹತ್ತಿರ ಬಂದು ನಿಂತಿದೆ. ಆ ದಿನ ಅವನು ಮೊಬೈಲಿನಲ್ಲಿ ಒಂದು ವೀಡಿಯೋ ತೋರಿಸಿದ. ದೂರದೇಶದ ಬೇಟೆಗಾರರು ಬೇಟೆಯ ಋತುವಿಗೆ ಮುಂಚೆ ಕಾಡಿನಂಚಿನಲ್ಲಿ ಸಾಸಿವೆ, ಮೂಲಂಗಿ, ಕೋಸಿನ ಜಾತಿಯ ಸೊಪ್ಪು, ನಮ್ಮ ಹೈದರಾಬಾದಿನವರು ಶಲ್ಗಮ್ ಅನ್ನುವ ಗಡ್ಡೆ, ಇವನ್ನೆಲ್ಲ ಬಿತ್ತುತ್ತಾರಂತೆ. ಚಳಿ ಬಿದ್ದ ಮೇಲೆ ಆ ಎಲೆಗಳಿಗೆ ಸಿಹಿ ಬರುತ್ತದಂತೆ. ಜಿಂಕೆಗಳು ತಾವಾಗಿ ನಡೆದು ಬರುತ್ತವೆ, ಬೇಟೆಗಾರ ಎತ್ತರದಲ್ಲೊಂದು ಕುರ್ಚಿ ಹಾಕಿಕೊಂಡು ಕುಳಿತಿರುತ್ತಾನೆ. ಅಡವಿ ತಿರುಗುವುದಿಲ್ಲ, ಬೆವರು ಹರಿಸುವುದಿಲ್ಲ, ಊಟಕ್ಕೆ ಕರೆದು ಹೊಡೆಯುವುದು ಎಂದು ವಸಂತ ವಿವರಿಸಿದ. ಅವನ ಕಣ್ಣಿನಲ್ಲಿ ಅಜ್ಜನ ಹುಲಿ ಓಡಾಡುತ್ತಿತ್ತು.

ಊಟಕ್ಕೆ ಕರೆದವರನ್ನು ಹೊಡೆಯುವುದು ಯಾವ ಸೀಮೆಯ ರೀತಿ ಎಂದು ನಾನು ಕೇಳಿದೆ. ನಮ್ಮ ದೇಶದಲ್ಲಿ ಜಿಂಕೆ ಹೊಡೆದರೆ ಜೈಲು, ಬೇಲ್ ಕೂಡ ಸುಲಭಕ್ಕೆ ಸಿಗುವುದಿಲ್ಲ ಎಂದೂ ಹೇಳಿದೆ. ಅವನು ತಕ್ಷಣ ಮುಖ ಬದಲಿಸಿದ. ಹೊಡೆಯುವ ಮಾತೇ ಇಲ್ಲ, ಚಿಗರಿ ಹತ್ತಿರಕ್ಕೆ ಬಂದರೆ ಫೋಟೋ ತೆಗೆಯುತ್ತೇನೆ, ಅಷ್ಟೇ ಎಂದ. ನಮ್ಮ ಕಡೆ ಜಿಂಕೆಗೆ ಚಿಗರಿ ಅನ್ನುತ್ತೇವೆ. ಆ ಮಾತು ಕೇಳಿದರೇ ನನಗೆ ಊರಿನ ಜೋಳದ ಹೊಲ ನೆನಪಾಗಿ ಮನಸ್ಸು ಮೆತ್ತಗಾಗುತ್ತದೆ. ಅದು ಅವನಿಗೆ ಗೊತ್ತು.

"ಅಜ್ಜನ ಆಣಿ ಅಕ್ಕಾ, ಬರೇ ಫೋಟೋ."

ಬೇಟೆಗಾರ ಅಜ್ಜನ ಮೇಲೆ ಇಟ್ಟ ಆಣೆ ಎಷ್ಟು ಗಟ್ಟಿ ಎಂದು ಆಗ ನನಗೆ ಹೊಳೆಯಲಿಲ್ಲ. ಒಂದೇ ಒಂದು ಜಿಂಕೆಯ ಮೈಗೆ ಏನಾದರೂ ತಗುಲಿದರೆ ಅಕ್ಕ ಇದ್ದಾಳೆಂಬುದನ್ನು ಮರೆತುಬಿಡು ಎಂದು ಹೇಳಿ ಒಪ್ಪಿಕೊಂಡೆ. ಒಪ್ಪಿದ್ದಕ್ಕೆ ನಿಜವಾದ ಕಾರಣ ಬೇರೆ. ಬೇವಿನ ಮರದಾಚೆಯ ಖಾಲಿ ನೆಲ, ಚಾದರ ಹೊದಿಸದ ಮಂಚದ ಹಾಗೆ, ನಿತ್ಯ ನನ್ನ ಕಣ್ಣು ಚುಚ್ಚುತ್ತಿತ್ತು.

ವೀಡಿಯೋದವರು ಬೀಜವನ್ನು ಕೈಯಿಂದ ಎರಚುತ್ತಾ ಹೋಗುತ್ತಿದ್ದರು. ಅಂಥ ಅಸಡ್ಡೆ ನನ್ನಿಂದಾಗುವುದಿಲ್ಲ. ನಾನು ದಾರ ಕಟ್ಟಿ, ಗೆರೆ ಎಳೆದು, ಸಾಸಿವೆ ಒಂದು ಸಾಲು, ಮೂಲಂಗಿ ಒಂದು ಸಾಲು, ಶಲ್ಗಮ್ ಒಂದು ಸಾಲು, ನವಿಲುಕೋಸು ಒಂದು ಸಾಲು ಎಂದು ಬಿತ್ತಿದೆ. ಜಮೀನು ನೋಡಿಕೊಳ್ಳುವ ಯಾದಯ್ಯ ನೀರು ಬಿಟ್ಟ. ಅವನು ಪಕ್ಕದ ಹಳ್ಳಿಯವನು, ತೆಲುಗು ಬಿಟ್ಟರೆ ಬೇರೆ ಮಾತಿಲ್ಲ, ಆ ತೆಲುಗನ್ನೂ ಜಾಸ್ತಿ ಖರ್ಚು ಮಾಡುವವನಲ್ಲ. ಮೊಳಕೆ ಬಂತು, ಎರಡೆರಡು ಎಲೆ ಬಂತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಒಂದೂ ಇಲ್ಲ. ತುಳಿದು ಹಾಳುಮಾಡಿದ್ದರೆ ನನಗೆ ಅಷ್ಟು ವಿಚಿತ್ರವೆನಿಸುತ್ತಿರಲಿಲ್ಲ. ಸಾಲು ಹಿಡಿದು, ಈ ತುದಿಯಿಂದ ಆ ತುದಿಯವರೆಗೆ, ಒಂದು ಗಿಡವನ್ನೂ ಬಿಡದೆ, ಒಂದು ಗಿಡವನ್ನೂ ಮುರಿಯದೆ ತಿಂದುಹೋಗಿದ್ದವು. ಒದ್ದೆ ಮಣ್ಣಿನಲ್ಲಿ ಸೀಳಿದ ಗೊರಸಿನ ಗುರುತುಗಳಿದ್ದವು, ಅವೂ ಸಾಲಿನ ಪಕ್ಕದಲ್ಲೇ, ನನ್ನ ದಾರದ ಗುಂಟವೇ. ನಮ್ಮ ನಾಯಿಯಿಲ್ಲದ, ನೆರೆಯಿಲ್ಲದ ಜಾಗದಲ್ಲಿ ಇಷ್ಟೊಂದು ಪ್ರಾಣಿಗಳು ಬಂದು, ಕಿಟಕಿಯ ಪಕ್ಕದಲ್ಲೇ ಊಟ ಮುಗಿಸಿ, ಸದ್ದಿಲ್ಲದೆ ಎದ್ದುಹೋಗಿದ್ದವು. ನನಗೆ ಮೈ ಜುಮ್ಮೆಂದಿತು. ಆಮೇಲೆ ಇನ್ನೊಂದು ಯೋಚನೆ ಬಂತು: ಎಷ್ಟು ಅಚ್ಚುಕಟ್ಟು.

ವಸಂತ ವರ್ಕ್‌ಶಾಪಿನಿಂದ ಕಂಬ ತಂದು ಹೊಲದ ಸುತ್ತ ಎತ್ತರದ ತಂತಿ ಜಾಲರಿ ಹಾಕಿದ, ಒಂದೇ ಒಂದು ಗೇಟು ಇಟ್ಟ. ಮತ್ತೆ ಬಿತ್ತಿದೆವು. ಎಲೆ ಮೊಣಕಾಲೆತ್ತರ ಬರುವವರೆಗೆ ಗೇಟು ತೆರೆಯಲಿಲ್ಲ. ಅಷ್ಟು ದಿನವೂ ಅವು ಬೆಳಗಿನ ಮಂಜಿನಲ್ಲಿ ಜಾಲರಿಯಾಚೆ ಬಂದು ನಿಲ್ಲುತ್ತಿದ್ದವು. ಮೊದಮೊದಲು ನನಗೆ ಕಾಣುತ್ತಿದ್ದದ್ದು ಕಿವಿಗಳು ಮಾತ್ರ. ಮಂಜಿನ ಮೇಲೆ ತೇಲುತ್ತಿರುವ ಕಿವಿಗಳು, ಎಲ್ಲವೂ ನಮ್ಮ ಅಡುಗೆಮನೆಯ ಕಡೆಗೆ ತಿರುಗಿರುತ್ತಿದ್ದವು. ಡಿಸೆಂಬರಿನ ಚಳಿ ಬಿದ್ದ ಮೇಲೆ ನಾನು ನಿಯಮ ಮಾಡಿದೆ. ಬೆಳಿಗ್ಗೆ ಒಂದು ಸಲ, ಸೂರ್ಯ ಮುಳುಗುವ ಮುಂಚೆ ಒಂದು ಸಲ ಗೇಟು ತೆರೆಯುವುದು. ಮಿಕ್ಕ ಹೊತ್ತು ಯಾರಿಗೂ ಪ್ರವೇಶವಿಲ್ಲ. ತೆರೆಯುವ ಮುಂಚೆ ಚಮಚದಿಂದ ಕಿಡ್ನಿ ಟ್ರೇ ಬಾರಿಸುವುದು. ಹೊಲಿಗೆ ಬಿಚ್ಚುವಾಗ, ಬ್ಯಾಂಡೇಜು ಕಟ್ಟುವಾಗ ನರ್ಸುಗಳು ಹಿಡಿದುಕೊಳ್ಳುವ, ಗೋಡಂಬಿಯಾಕಾರದ ಸ್ಟೀಲ್ ತಟ್ಟೆ ಅದು; ನನ್ನ ಕೈಕೆಳಗಿನ ಹುಡುಗಿಯರು ಬೀಳ್ಕೊಡುಗೆಯ ದಿನ ಅದರ ಮೇಲೆ ನನ್ನ ಹೆಸರು ಕೊರೆಯಿಸಿ ಕೊಟ್ಟಿದ್ದರು. ಬಾರಿಸುವಾಗ ಒಂದೇ ಸೀರೆ, ಒಂದೇ ಸ್ವೆಟರು, ಒಂದೇ ಜಾಗ. ರೋಗಿಗೆ ಔಷಧಿ ಹಿಡಿಸಬೇಕಾದರೆ ದಿನವೂ ಅದೇ ಹೊತ್ತು, ಅದೇ ಕೈ, ಅದೇ ಮಾತು ಇರಬೇಕೆಂದು, ನನಗೆ ಕೆಲಸ ಕಲಿಸಿದ್ದ ಕೇರಳದ ಸಿಸ್ಟರ್ ಒಬ್ಬರು ಸದಾ ಹೇಳುತ್ತಿದ್ದರು. ಮನುಷ್ಯರಲ್ಲಿ ಈ ಪದ್ಧತಿ ಅರ್ಧಂಬರ್ಧ ಫಲಿಸುತ್ತಿತ್ತು. ಜಿಂಕೆಗಳಲ್ಲಿ ಪೂರ್ತಿ ಫಲಿಸಿತು.

ವಾರ ಕಳೆಯುವುದರಲ್ಲಿ ಅವು ಸಾಲಾಗಿ ಬರತೊಡಗಿದವು. ಮುಂದೆ ಒಂದು ಹರಿದ ಕಿವಿಯ ಹೆಣ್ಣು, ಅದರ ಹಿಂದೆ ಮರಿಗಳಿರುವ ತಾಯಂದಿರು, ಕೊನೆಗೆ ಕೊಂಬಿನ ಗಂಡುಗಳು. ಟ್ರೇ ಬಾರಿಸಿ ಗೇಟು ತೆರೆದರೆ ತಳ್ಳಾಟವಿಲ್ಲ, ಒಂದರ ಹಿಂದೊಂದು ಒಳಗೆ. ನಾನು ಗೇಟಿನ ಪಕ್ಕದಲ್ಲೇ ನಿಂತಿರುತ್ತಿದ್ದೆ. ಹಾದುಹೋಗುವಾಗ ಅವುಗಳ ಮೈಬಿಸಿ ನನ್ನ ಕೈಗೆ ತಾಗುತ್ತಿತ್ತು. ಆಸ್ಪತ್ರೆಯ ಭೇಟಿಯ ಹೊತ್ತಿಗೆ ಮುಂಚೆ ರೋಗಿಗಳ ಕಡೆಯವರು ಗ್ರಿಲ್ ಆಚೆ ನಿಂತಿರುತ್ತಿದ್ದದ್ದು ನನಗೆ ನೆನಪಾಗುತ್ತಿತ್ತು. ಕೈಯಲ್ಲಿ ಟಿಫಿನ್ ಡಬ್ಬಿ, ಬಾಯಲ್ಲಿ ಮಾತಿಲ್ಲ, ಕಣ್ಣು ಮಾತ್ರ ನನ್ನ ಬೀಗದ ಕೈಯ ಮೇಲೆ. ಒಳಗೆ ತಮ್ಮವರು ಹೇಗಿದ್ದಾರೋ ಎಂಬ ಭಯವನ್ನು ನುಂಗಿಕೊಂಡು ನಿಂತ ಆ ಮುಖಗಳನ್ನು ಎಷ್ಟೋ ವರ್ಷ ನೋಡಿದ್ದೆ, ಗ್ರಿಲ್ ತೆರೆದಿದ್ದೆ, ಮರೆತಿದ್ದೆ. ಈಗ ಮಂಜಿನಲ್ಲಿ ಅದೇ ಕಣ್ಣುಗಳು, ಅದೇ ಸಹನೆ. ಮಂಜು ದಟ್ಟವಾದ ದಿನ ಹೊಲದೊಳಗೆ ಏನೂ ಕಾಣುತ್ತಿರಲಿಲ್ಲ. ನಾಲ್ಕೂ ಕಡೆಯಿಂದ ಮೂಲಂಗಿ ಕಡಿಯುವ ಕರಕರ ಸದ್ದು, ಜಜ್ಜಿದ ಸಾಸಿವೆ ಎಲೆಯ ಘಾಟು, ಇಷ್ಟೇ. ಸದ್ದು ಎಲ್ಲ ಕಡೆ ಒಟ್ಟಿಗೇ ನಿಲ್ಲುತ್ತಿತ್ತು, ಮತ್ತೆ ಒಟ್ಟಿಗೇ ಶುರುವಾಗುತ್ತಿತ್ತು. ನಿಂತಾಗ ನಾನೂ ಉಸಿರು ಹಿಡಿಯುತ್ತಿದ್ದೆ.

ಯಾದಯ್ಯ ಬೆಳಗಿನ ಹೊತ್ತು ಆ ಕಡೆ ಬರುವುದನ್ನು ಬಿಟ್ಟ. ಕಾರಣ ಕೇಳಿದರೆ ತಲೆ ತಗ್ಗಿಸಿದ. ಬಹಳ ಒತ್ತಾಯ ಮಾಡಿದ ಮೇಲೆ, "ಅವಿ ಜಿಂಕಲು ಕಾವಮ್ಮಾ" ಅಂದ, ಅವು ಜಿಂಕೆಗಳೇ ಅಲ್ಲವಂತೆ. ಜಿಂಕೆಯಾಗಿದ್ದರೆ ಮನುಷ್ಯರನ್ನು ಕಂಡು ಓಡಬೇಕು, ಓಡದೇ ಇರುವುದು ಜಿಂಕೆಯಲ್ಲ, ಬೇರೆ ಏನೋ ಎಂಬುದು ಅವನ ವಾದ. ಹಾಗಾದರೆ ಏನು ಎಂದದ್ದಕ್ಕೆ, ಹಗಲು ಹೊತ್ತಿನಲ್ಲಿ ಆ ಹೆಸರು ಎತ್ತುವುದೂ ಬೇಡ ಎಂಬಂತೆ ಕೈ ಆಡಿಸಿ ಪೈಪು ಎಳೆದುಕೊಂಡು ಹೋದ. ನಾನು ನಕ್ಕೆ. ಯಜಮಾನರಿಗೆ ಹೇಳಿದರೆ ಅವರು ಪೇಪರಿನಿಂದ ತಲೆಯೆತ್ತದೆ, ಓಡಲಾರದಂಗ ಮಾಡಿದಾಕಿ ನೀನಲ್ಲೇನು ಎಂದರು. ನನಗದು ಮೆಚ್ಚುಗೆಯ ಮಾತಾಗಿ ಕೇಳಿಸಿತು.

ಇಷ್ಟರಲ್ಲಿ ವಸಂತ ಕುರ್ಚಿ ತಂದ. ಬೇವಿನ ಮರದ ಮಗ್ಗುಲಿಗೆ ಕಬ್ಬಿಣದ ಎತ್ತರದ ಸ್ಟ್ಯಾಂಡು ನಿಲ್ಲಿಸಿ, ಅದರ ತುದಿಗೆ ತನ್ನ ವರ್ಕ್‌ಶಾಪಿನ ಹಳೆಯ ತಿರುಗುವ ಕುರ್ಚಿಯನ್ನು ಬೆಸೆದ. ಕೂತಲ್ಲೇ ಸುತ್ತ ತಿರುಗಿ ಫೋಟೋ ತೆಗೆಯಬಹುದು ಎಂದ. ಅವನಿಲ್ಲದ ದಿನಗಳಲ್ಲಿ ಗಾಳಿ ಬಂದರೆ ಆ ಖಾಲಿ ಕುರ್ಚಿ ಮರದ ಎಲೆಗಳ ನಡುವೆ ಕಿರ್ರೆನ್ನುತ್ತಾ ತಾನೇ ತಿರುಗುತ್ತಿತ್ತು. ಗಾಳಿ ನಿಂತಾಗ ಮಾತ್ರ ಪ್ರತಿ ಸಲವೂ ಗೇಟಿನ ಕಡೆಗೇ ಮುಖಮಾಡಿ ನಿಲ್ಲುತ್ತಿತ್ತು. ನನಗೆ ಅದರ ಕೆಳಗೆ ಹಾದುಹೋಗುವಾಗ ಸೆರಗು ಸರಿಮಾಡಿಕೊಳ್ಳಬೇಕೆನಿಸುತ್ತಿತ್ತು, ಮೇಲೆ ಯಾರೋ ಹಿರಿಯರು ಕುಳಿತಂತೆ. ವಸಂತನನ್ನು ಕೇಳಿದರೆ, ಬೇರಿಂಗ್ ಆ ಕಡೆ ಹಿಡಿಯುತ್ತದೆ, ಎಣ್ಣೆ ಬಿಡಬೇಕು ಎಂದ. ಎಣ್ಣೆ ಬಿಟ್ಟ. ಆಮೇಲೆ ಸದ್ದು ಹೋಯಿತು, ತಿರುಗುವುದು ಹೋಗಲಿಲ್ಲ. ಸದ್ದಿದ್ದಾಗಲೇ ವಾಸಿಯಿತ್ತು.

ಅವನ ಕಾರಿನ ಡಿಕ್ಕಿಯಲ್ಲಿ ಬೆಡ್‌ಶೀಟ್ ಸುತ್ತಿದ ಏನೋ ಒಂದನ್ನು ನಾನು ಕಂಡದ್ದು ಅವನು ಎಣ್ಣೆ ಬಿಟ್ಟ ದಿನವೇ. ಬೆಡ್‌ಶೀಟ್ ಸರಿಯಾಗಿ ಸುತ್ತಿರಲಿಲ್ಲ, ಅದಕ್ಕೆ ಬಿಚ್ಚಿ ಮಡಚಲು ಹೋದೆ. ಒಳಗೆ ಹಳೆಯ ಜೀಪಿನ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ, ಬಂದೂಕಿನ ಹಾಗೆ ಹಿಡಿ ಇರುವ ಒಂದು ಬಿಲ್ಲಿತ್ತು. ಸುಮ್ಮನೆ ಮಾಡಿ ನೋಡಿದ್ದು ಎಂದ. ಕ್ಯಾಮೆರಾ ಎಲ್ಲಿ ಎಂದೆ. ಮೊಬೈಲಿನಲ್ಲೇ ಬರುತ್ತದೆ ಎಂದ. ನಾನು ಆ ಬಿಲ್ಲನ್ನು ಮತ್ತೆ ಸುತ್ತಿ, ಬೆಡ್‌ಶೀಟಿನ ಮೂಲೆಗಳನ್ನು ನೀಟಾಗಿ ಒಳಗೆ ತುರುಕಿ ಇಟ್ಟೆ. ನೋಡಿ, ಕೈಗೆ ಬಿದ್ದ ಅಭ್ಯಾಸ ಎಂಥದ್ದು. ಕಿತ್ತುಕೊಂಡು ಮುರಿದು ಎಸೆಯಬೇಕಾಗಿದ್ದವಳು ಪ್ಯಾಕ್ ಮಾಡಿ ಕೊಟ್ಟೆ. ಅವನು ಹೊರಟುಹೋದ ಮೇಲೆ ಗೇಟಿನ ಬಳಿ ನಿಂತು ಜಾಲರಿ, ಸಾಲು, ಕುರ್ಚಿ ಎಲ್ಲವನ್ನೂ ಒಂದು ಸಲ ನೋಡಿದೆ. ವೀಡಿಯೋದ ಬೇಟೆಗಾರರು ಜಿಂಕೆ ಬರುವುದೋ ಇಲ್ಲವೋ ಎಂದು ಕಾಯುತ್ತಿದ್ದರು. ನಾನು ಜಿಂಕೆಗಳನ್ನು ಹೇಳಿದ ಹೊತ್ತಿಗೆ, ಒಂದೇ ಬಾಗಿಲಿನಿಂದ, ಒಂದೊಂದಾಗಿ ಬರುವಂತೆ ಮಾಡಿದ್ದೆ. ಬೇಟೆಗೆ ಬೇಕಾದದ್ದರಲ್ಲಿ ನಾನು ಒದಗಿಸದೆ ಉಳಿದದ್ದು ಬಾಣ ಒಂದೇ.

ಆ ಸಂಜೆಯೇ ಗೇಟು ತೆರೆಯಬಾರದೆಂದುಕೊಂಡೆ. ಆದರೆ ಅವು ಬಂದು ನಿಂತವು, ಮರಿಗಳೂ ನಿಂತವು, ಹೊತ್ತಾಯಿತು. ಹೊತ್ತು ಮೀರಿದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ತೆರೆದೆ.

ಮುಂದಿನ ಭಾನುವಾರ ಬೆಳಿಗ್ಗೆ ಮಂಜಿತ್ತು, ಜೊತೆಗೆ ಗಾಳಿಯೂ ಇತ್ತು. ಟ್ರೇ ಬಾರಿಸಿ ಗೇಟು ತೆರೆದೆ. ಹರಿದ ಕಿವಿಯದು ಮುಂದಾಯಿತು, ಉಳಿದವು ಹಿಂಬಾಲಿಸಿದವು. ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ತಿಳಿಯದೆ ಅತ್ತಿತ್ತ ನೋಡಿದೆ. ಬೇವಿನ ಎಲೆಗಳು ಆಡುತ್ತಿದ್ದವು, ನನ್ನ ಸೆರಗು ಹಾರುತ್ತಿತ್ತು, ಮೇಲೆ ಕುರ್ಚಿ ಮಾತ್ರ ತಿರುಗುತ್ತಿರಲಿಲ್ಲ. ಗಾಳಿಯಲ್ಲೂ ತಿರುಗದ ಕುರ್ಚಿಯಲ್ಲಿ ಯಾರೋ ಕುಳಿತಿರಬೇಕು. ಮಂಜು ಸ್ವಲ್ಪ ಸರಿದಾಗ ವಸಂತ ಕಂಡ. ಕಾರನ್ನು ದೂರ ರಸ್ತೆಯಲ್ಲೇ ಬಿಟ್ಟು ನಡೆದು ಬಂದು ಹತ್ತಿದ್ದ. ಬಿಲ್ಲು ಅವನ ಭುಜದ ಮೇಲಿತ್ತು.

ಇಳಿ ಎಂದೆ. ಅವನು ಕಣ್ಣು ಕದಲಿಸಲಿಲ್ಲ.

"ಅಕ್ಕಾ, ಸುಮ್ನ ನಿಂದರು. ಒಂದ. ಒಂದ ಸಾಕು ನನಗ."

ಜಿಂಕೆಗಳನ್ನು ಓಡಿಸಬೇಕೆಂದು ನಾನು ಚಪ್ಪಾಳೆ ತಟ್ಟಿದೆ. ಅವು ತಲೆಯೆತ್ತಿ ನನ್ನನ್ನು ನೋಡಿ, ಮೇಟ್ರನ್ ಇವತ್ತು ಯಾಕೋ ಗರಮ್ ಆಗಿದ್ದಾರೆ ಎಂಬಂತೆ ಮತ್ತೆ ಎಲೆಗೆ ಬಾಯಿ ಹಾಕಿದವು. ಕೂಗಿದೆ. ನನ್ನ ಕೂಗು ಅವುಗಳಿಗೆ ಹೊಸದಲ್ಲ, ದಿನವೂ ಯಾದಯ್ಯನನ್ನು ಕೂಗುವುದನ್ನು ಕೇಳಿದ್ದವು. ಏನು ಮಾಡಲೂ ತೋಚದೆ ಕೈಯಲ್ಲಿದ್ದ ಕಿಡ್ನಿ ಟ್ರೇಯನ್ನು ಇದ್ದ ಶಕ್ತಿಯೆಲ್ಲ ಹಾಕಿ ಬಾರಿಸಿದೆ. ಅದರ ಪರಿಣಾಮ ತಕ್ಷಣ ಕಾಣಿಸಿತು. ತಡವಾಗಿ ಬಂದು ಕುರುಚಲಿನಲ್ಲಿ ಹಿಂಜರಿಯುತ್ತಿದ್ದ ಇನ್ನಷ್ಟು ಜಿಂಕೆಗಳು ಲಗುಬಗೆಯಿಂದ ಸಾಲು ಸೇರಿಕೊಂಡು ಒಳಗೆ ಬಂದವು.

ಉಳಿದದ್ದು ಒಂದೇ ದಾರಿ. ನಾನೇ ಹೊಲದೊಳಕ್ಕೆ ನಡೆದು ಅವುಗಳ ನಡುವೆ ನಿಂತೆ. ವಾರ್ಡಿನಲ್ಲಿ ರೌಂಡ್ಸ್ ಬಂದಾಗ ಜನ ಸರಿಯುವಂತೆ ಅವು ಒಂದು ಹೆಜ್ಜೆ ಸರಿದು ಜಾಗ ಕೊಟ್ಟವು. ಸುತ್ತಲೂ ಬಿಸಿ ಉಸಿರು, ಒದ್ದೆ ಮೂಗುಗಳು. ಆಗ ಕರಕರ ಸದ್ದು ಎಲ್ಲ ಕಡೆ ಒಟ್ಟಿಗೇ ನಿಂತಿತು. ಎಲ್ಲ ತಲೆಗಳೂ ಮೇಲೆದ್ದವು. ಮರಿಗಳು, ತಾಯಂದಿರು, ಕೊಂಬಿನವು, ಅಷ್ಟೂ ಕಣ್ಣುಗಳು ನನ್ನನ್ನು ದಾಟಿ ಮೇಲಿನ ಕುರ್ಚಿಯ ಮೇಲೆ ನೆಟ್ಟವು. ಒಂದು ಕಿವಿಯೂ ಅಲ್ಲಾಡಲಿಲ್ಲ. ಎಷ್ಟು ಹೊತ್ತು ಹಾಗಿದ್ದೆವೋ ಹೇಳಲಾರೆ. ನನಗೆ ಎದೆ ಬಡಿಯುವ ಸದ್ದು ಕೇಳಿಸುತ್ತಿತ್ತು, ಅದು ನನ್ನದೇ ಎಂದು ಖಾತ್ರಿಯಿರಲಿಲ್ಲ. ಕೊನೆಗೆ ಕಬ್ಬಿಣದ ಮೆಟ್ಟಿಲ ಮೇಲೆ ಕಾಲಿಡುವ ಸದ್ದಾಯಿತು. ವಸಂತ ಇಳಿದು, ಬಿಲ್ಲನ್ನು ಎಳೆದುಕೊಂಡು, ಹಿಂದೆ ನೋಡದೆ ಅಡುಗೆಮನೆಗೆ ನಡೆದ. ಜಿಂಕೆಗಳು ತಲೆ ತಗ್ಗಿಸಿ ಊಟ ಮುಂದುವರಿಸಿದವು.

ಕೊಟ್ಟ ಚಹಾ ಅವನ ಕೈಯಲ್ಲೇ ಆರಿತು. ಬೈಯಬೇಕೆಂದು ಸಿದ್ಧಮಾಡಿಕೊಂಡಿದ್ದ ಮಾತುಗಳು ಅವನ ಮುಖ ನೋಡಿ ನನಗೆ ಮರೆತುಹೋದವು. ಅವನೇ ಬಾಯಿ ಬಿಟ್ಟ.

"ಓಡಿದ್ರ ಹೊಡೀತಿದ್ದೆ ಅಕ್ಕಾ. ಓಡಲಿಲ್ಲ ಅವು. ಡಾಕ್ಟರ್ ಏನ್ ಹೇಳ್ತಾನೋ ಅಂತ ನಿಂತಂಗ ನಿಂತು ನನ್ನ ಮಾರಿ ನೋಡಿದ್ವು. ನನಗ ಏನ್ ಹೇಳಬೇಕೋ ತಿಳೀಲಿಲ್ಲ."

ಯಜಮಾನರು ಪೇಪರ್ ಮಡಚಿ ಬದಿಗಿಟ್ಟರು. ಅವರು ಪೇಪರ್ ಮಡಚಿದ್ದನ್ನು ನಾನು ನೋಡಿದ್ದು ಅಪರೂಪ. ವಸಂತನ ಮಾತು ಬಿಡು, ಅವನು ನಮ್ಮವನು, ನಿನ್ನೆ ಬೈಕಿನ ಮೇಲೆ ಇಬ್ಬರು ಬಂದು ಯಾದಯ್ಯನ ಹತ್ತಿರ, ನಿಮ್ಮ ಅಮ್ಮನವರ ಜಿಂಕೆಗಳು ಎಷ್ಟು ಹೊತ್ತಿಗೆ ಬರುತ್ತವೆ ಎಂದು ವಿಚಾರಿಸಿ ಹೋದರಂತೆ ಎಂದರು. ಯಾರೆಂದು ಯಾದಯ್ಯನಿಗೆ ಗೊತ್ತಿಲ್ಲ. ಹೊತ್ತನ್ನು ಮಾತ್ರ ಹೇಳಿದ್ದಾನೆ. ನನ್ನ ಹೊತ್ತು ಆ ಸೀಮೆಗೆಲ್ಲ ಬಾಯಿಪಾಠವಾಗಿತ್ತು. ಈ ಜಿಂಕೆಗಳು ವಸಂತನನ್ನು ನೋಡಿದಂತೆ ಯಾರನ್ನು ಬೇಕಾದರೂ ನೋಡುತ್ತವೆ, ಎಲ್ಲರೂ ವಸಂತನ ಹಾಗೆ ಇಳಿದುಬರುವುದಿಲ್ಲ.

ಅರಣ್ಯ ಇಲಾಖೆಗೆ ಹೋಗಿ ಹೇಳಿ ಬಂದೆವು. ಅವರು ಬಂದು ನೋಡಿ, ಕಾಡುಪ್ರಾಣಿಗೆ ಊಟ ಹಾಕುವುದೇ ತಪ್ಪು ಎಂದು ನನ್ನನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡರು, ಆ ಕಡೆ ಗಸ್ತು ಹೆಚ್ಚಿಸುತ್ತೇವೆ ಎಂದರು. ವಸಂತ ತನ್ನ ಬಿಲ್ಲನ್ನು ತಾನೇ ತುಂಡು ಮಾಡಿ, ಕುರ್ಚಿಯನ್ನೂ ಸ್ಟ್ಯಾಂಡನ್ನೂ ಕತ್ತರಿಸಿ ಒಯ್ದ. ನಾವು ಸಾಸಿವೆ, ಮೂಲಂಗಿ, ಶಲ್ಗಮ್ ಎಲ್ಲ ಕಿತ್ತು, ಟ್ರ್ಯಾಕ್ಟರ್ ಹೊಡೆಸಿ ನೆಲ ಬೋಳುಮಾಡಿದೆವು. ಜಾಲರಿ ಬಿಚ್ಚಿದೆವು, ಕಂಬ ಕಿತ್ತೆವು, ಗೇಟೂ ಹೋಯಿತು. ಈಗ ಅಲ್ಲಿ ಬರುವುದಕ್ಕೆ ಏನೂ ಇರಲಿಲ್ಲ, ತಡೆಯುವುದಕ್ಕೂ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಿಟಕಿ ತೆರೆದು ನೋಡಿದರೆ ಮಂಜಿನಲ್ಲಿ ಅವು ನಿಂತಿದ್ದವು. ಬೋಳು ನೆಲದ ತುಂಬ ಎಲ್ಲಿ ಬೇಕಾದಲ್ಲಿ ನುಗ್ಗಬಹುದಿತ್ತು, ನುಗ್ಗಿರಲಿಲ್ಲ. ಗೇಟು ಇದ್ದ ಜಾಗದ ಆಚೆಗೆ, ಹರಿದ ಕಿವಿಯದು ಮುಂದೆ, ಉಳಿದವು ಹಿಂದೆ, ಸಾಲಾಗಿ. ಇಲ್ಲದ ಗೇಟನ್ನು ತೆರೆಯಲಿ ಎಂದು ಕಾಯುತ್ತಿದ್ದವು. ಹೊತ್ತು ಮುಗಿದ ಮೇಲೆ ತಿರುಗಿ ಸದ್ದಿಲ್ಲದೆ ಕಾಡಿಗೆ ಹೋದವು. ಸಂಜೆ ಮತ್ತೆ ಬಂದು ನಿಂತವು. ಅಂಥದ್ದನ್ನು ನೋಡಿದ ಮೇಲೆ ಯಾದಯ್ಯನ ಮಾತಿಗೆ ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು. ನನಗೂ ಅವು ಜಿಂಕೆಗಳು ಎಂದು ಖಂಡಿತವಾಗಿ ಹೇಳಲಾಗುತ್ತಿರಲಿಲ್ಲ.

ಅವುಗಳಿಗೆ ಮನುಷ್ಯರ ಭಯ ಮತ್ತೆ ಕಲಿಸಬೇಕಾಗಿತ್ತು. ಆ ಕೆಲಸ ನನ್ನಿಂದಾಗಲಿಲ್ಲ, ನನ್ನನ್ನು ಕಂಡರೆ ಅವು ಕುತ್ತಿಗೆ ಚಾಚುತ್ತಿದ್ದವು. ವಸಂತ ತಾನೇ ಅದನ್ನು ಮೈಮೇಲೆ ಹಾಕಿಕೊಂಡ. ನಾಚಾರಂನಲ್ಲಿ ಕರೆಂಟು ಹೋದಾಗ, ಆರ್ಡರಿಲ್ಲದಾಗ, ಗಿರಾಕಿ ಜೊತೆ ಜಗಳವಾದಾಗ, ಮನಸ್ಸಿಗೆ ಬಂದ ಹೊತ್ತಿಗೆ ಬರುತ್ತಿದ್ದ. ತಗಡು ಬಡಿಯುತ್ತಾ, ದೀಪಾವಳಿಯ ಉಳಿದ ಪಟಾಕಿ ಹಚ್ಚುತ್ತಾ, ಗಂಟಲು ಹರಿಯುವಂತೆ ಅರಚುತ್ತಾ ಆ ಸಾಲಿನ ಮೇಲೆ ಏರಿಹೋಗುತ್ತಿದ್ದ. ಮೊದಲ ದಿನ ಅವು ಅವನನ್ನು ಸುಮ್ಮನೆ ನೋಡಿದವು. ಅವನು ಅರಚುವುದನ್ನು ನಿಲ್ಲಿಸಿ ಒಂದು ಗಳಿಗೆ ಅತ್ತನೆಂದು ಯಜಮಾನರು ಹೇಳುತ್ತಾರೆ; ನಾನು ನೋಡಲಿಲ್ಲ, ಜಿಂಕೆಗಳಿಗೆ ಕಾಣದಂತೆ ಒಳಗಿರಬೇಕೆಂದು ಅವರೇ ನನಗೆ ಹೇಳಿದ್ದರು. ಆಮೇಲೆ ಒಂದು ಮರಿ ಬೆದರಿತು. ಅದರ ಹಿಂದೆ ತಾಯಿ ಬೆದರಿತು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಸಾಲು ಒಡೆಯಿತು. ಒಂದು ಬೆಳಿಗ್ಗೆ ವಸಂತ ಒಳಗೆ ಬಂದು, ನನ್ನನ್ನು ನೋಡಿದ ಕೂಡಲೇ ಜೀವ ತಗೊಂಡು ಓಡಿದ್ವು ಅಕ್ಕಾ ಎಂದು ಹೇಳಿದ. ಅವನ ದನಿಯಲ್ಲಿ ಅಜ್ಜ ಹುಲಿ ಹೊಡೆದಾಗಲೂ ಇದ್ದಿರಲಾರದ ಹೆಮ್ಮೆ ಇತ್ತು. ಅಲ್ಲಿಂದಾಚೆ ಅವು ಬರಲಿಲ್ಲ. ದೂರದ ಬಂಡೆಗಳ ನಡುವೆ ಒಮ್ಮೊಮ್ಮೆ ಏನೋ ಹಾದುಹೋದಂತೆ ಕಾಣುತ್ತಿತ್ತು, ನೋಡುವಷ್ಟರಲ್ಲಿ ಇರುತ್ತಿರಲಿಲ್ಲ. ಹಾಗಿರಬೇಕಾದದ್ದೇ ಸರಿ.

ನನ್ನದೇ ಸರಿಹೋಗಿಲ್ಲ. ಈಗಲೂ ಬೆಳಿಗ್ಗೆ ಅದೇ ಹೊತ್ತಿಗೆ ಎಚ್ಚರವಾಗುತ್ತದೆ, ಸ್ವೆಟರು ಹಾಕಿಕೊಂಡು ಒಂದು ಸುತ್ತು ಅಡ್ಡಾಡಿ ಬರುತ್ತೇನೆ. ನಾವು ಸನತ್‌ನಗರಕ್ಕೆ ಹೊರಡುವ ಹಿಂದಿನ ದಿನ, ಬೋಳು ಹೊಲದ ನಡುವೆ ಯಜಮಾನರು ಎಳೆಬಿಸಿಲು ಕಾಯಿಸುತ್ತಾ ನಿಂತಿದ್ದರು. ಕೆಮ್ಮು ಪೂರ್ತಿ ವಾಸಿಯಾಗಿತ್ತು. ಅವರಿಗೆ ಚಹಾ ಕೊಡಲು ಲೋಟ ಹಿಡಿದು ಕಾಡಿನ ಕಡೆಯಿಂದ ಸುತ್ತಿಕೊಂಡು ಗೇಟು ಇದ್ದ ಜಾಗದವರೆಗೆ ಬಂದೆ. ಒಂದಷ್ಟು ಹೊತ್ತಾದ ಮೇಲೆ ಅವರು ನನ್ನನ್ನು ಕೂಗಿದರು.

"ಅಲ್ಲೇ ಯಾಕ ನಿಂತೀಯಲೇ, ಚಾ ಆರತೈತಿ. ಒಳಗ ಬಾ, ಯಾರು ತಡದಾರ?"

ಬರುತ್ತೇನೆ ಎಂದೆ. ಆದರೆ ಕಾಲು ಏಳಲಿಲ್ಲ. ಯಾರಾದರೂ ಬಂದು ತೆರೆಯುತ್ತಾರೇನೋ ಎಂದು ಅಡುಗೆಮನೆಯ ಕಡೆಗೇ ನೋಡುತ್ತಾ ನಿಂತಿದ್ದೆ.